ವ್ಯಾಧಿಸಂಕರವೂ ನಿದಾನಲಾಘವವೂ

೧

ಒಬ್ಬನೇ ರೋಗಿಯ ಶ್ವಾಸಕೋಶದಲ್ಲಿ ಏಕಕಾಲಕ್ಕೆ ಎರಡು ಮೂರು ಸೋಂಕುಗಳು ನೆಲಸಿರುವಾಗ ವೈದ್ಯನು ಅವುಗಳನ್ನು ಹೇಗೆ ಗುರುತಿಸಬೇಕು, ಒಂದನ್ನು ಕಂಡುಕೊಂಡ ಮೇಲೆ ವಿಚಾರವನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಈ ಲೇಖನದ ವಿಷಯ. ಇದು ವೈದ್ಯರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇದರ ತಿರುಳು ತರ್ಕಕ್ಕೆ ಸೇರಿದ್ದು. ಇದರಲ್ಲಿ ಬಳಕೆಯಾಗುವ ಮಾತುಗಳು ನಮ್ಮ ಭಾಷೆಗೆ ಸೇರಿದವು. ಇದರಲ್ಲಿ ತಪ್ಪಿದರೆ ಹೋಗುವುದು ಮನುಷ್ಯನ ಪ್ರಾಣ. ಆದಕಾರಣ ಇದನ್ನು ವಿದ್ವಾಂಸರ ಮುಂದಿಡುವುದು ಅನುಚಿತವಲ್ಲವೆಂದು ಭಾವಿಸುತ್ತೇನೆ.

ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ತೋರುವುದು ಎಚ್.ಐ.ವಿ. ಸೋಂಕು ಬಲಿತವರಲ್ಲಿ. ರಕ್ತದಲ್ಲಿ ಸಿ.ಡಿ.೪ ಎಂಬ ರಕ್ಷಕಕಣಗಳು ಆರೋಗ್ಯವಂತರಲ್ಲಿ ಘನ ಮಿಲಿಮೀಟರಿಗೆ ಸುಮಾರು ೫೦೦ಕ್ಕೆ ಮೇಲ್ಪಟ್ಟು ಇರುತ್ತವೆ. ಇವು ೨೦೦ಕ್ಕಿಂತ ಕಡಿಮೆಯಾದಾಗ, ಅಥವಾ ಕೆಲವು ನಿರ್ದಿಷ್ಟ ತೀವ್ರರೋಗಗಳು ಕಾಣಿಸಿಕೊಂಡಾಗ, ಆ ಸ್ಥಿತಿಯನ್ನು ಬಲಿತ ಎಚ್.ಐ.ವಿ. ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರ ಮಾರ್ಗಸೂಚಿಯಲ್ಲಿ ನಿರೂಪಿಸಿದೆ. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು ೧೯೮೬ರಲ್ಲಿ, ಮದರಾಸಿನಲ್ಲಿ. ಸರ್ಕಾರವು ಉಚಿತವಾಗಿ ವೈರಾಣುನಿರೋಧಕ ಔಷಧಗಳನ್ನು ಕೊಡತೊಡಗಿದ್ದು ೨೦೦೪ರ ಏಪ್ರಿಲ್ ೧ರಿಂದ. ಔಷಧವು ಕೈಗೆಟುಕುವ ಈ ಕಾಲದಲ್ಲಿಯೂ ತಡವಾಗಿ ಬರುವವರು, ನಡುವೆ ಔಷಧ ಬಿಟ್ಟು ಮರಳಿ ಬರುವವರು ಇದ್ದೇ ಇದ್ದಾರೆ. ಇಲ್ಲಿಯ ವಿಚಾರವು ಅವರನ್ನು ಕುರಿತದ್ದು.

೨

ಮೊದಲು ಮಾತುಗಳನ್ನು ಪರೀಕ್ಷಿಸೋಣ. ಕ್ಷಯವೆಂಬ ಶಬ್ದಕ್ಕೆ ಕುಂದುವುದು, ಸವೆಯುವುದು ಎಂದೇ ಮೂಲಾರ್ಥ. ಆಯುರ್ವೇದಗ್ರಂಥಗಳಲ್ಲಿ ಕ್ಷಯ, ಶೋಷ, ರಾಜಯಕ್ಷ್ಮ ಎಂಬ ಹೆಸರುಗಳು ಮೈ ಸೊರಗುವ ಲಕ್ಷಣವನ್ನು ಹಿಡಿದು ಹುಟ್ಟಿದವು. ೧೮೮೨ರ ಮಾರ್ಚ್ ೨೪ರಂದು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ದಂಡಾಣುವನ್ನು ಕುರಿತ ತನ್ನ ಶೋಧವನ್ನು ಪ್ರಕಟಿಸಿದ ಮೇಲೆ, ಪುಸ್ತಕದ ಕನ್ನಡದಲ್ಲಿ ಕ್ಷಯವೆಂಬುದು ಆ ಒಂದು ಕ್ರಿಮಿಯಿಂದಾಗುವ ರೋಗಕ್ಕೆ ರೂಢವಾಯಿತು. ಆದರೆ ಮನೆಮಾತಿನಲ್ಲಿ ಹಳೆಯ ಅರ್ಥ ಅಳಿಯಲಿಲ್ಲ. ಕೆಮ್ಮುತ್ತ, ಜ್ವರದಿಂದ ಬೇಯುತ್ತ, ಎಲುಬು ಕಾಣುವಂತೆ ಸೊರಗಿದವನನ್ನು ಕಂಡೊಡನೆ ಮನೆಯವರ ಬಾಯಿಗೆ ಬರುವುದು ಈ ಮಾತೇ. ಬಲಿತ ಎಚ್.ಐ.ವಿ.ಯಲ್ಲಿ ಸೊರಗುವುದು ಕ್ಷಯದ ದಂಡಾಣುವಿಲ್ಲದೆಯೂ ಸಂಭವಿಸುವುದರಿಂದ, ಲಕ್ಷಣದ ಹೆಸರು ಕಾರಣದ ಹೆಸರಾಗಿ ವೇಷ ಹಾಕಿಕೊಳ್ಳುತ್ತದೆ. ಪರೀಕ್ಷೆಗೆ ಮುಂಚೆಯೇ ಮಾತು ತೀರ್ಪು ಕೊಟ್ಟಂತಾಗುವುದು.

ಎರಡನೆಯ ಮಾತು ‘ಅವಕಾಶವಾದಿ ಸೋಂಕು’. ದೇಹದ ರಕ್ಷಣೆ ಕುಂದಿದಾಗ ಎರಗುವ ಸೋಂಕುಗಳಿಗೆ ಆರೋಗ್ಯಪ್ರಚಾರದ ಕನ್ನಡದಲ್ಲಿ ಈ ಹೆಸರು ಬಳಕೆಗೆ ಬಂದಿದೆ. ಇಂಗ್ಲಿಷಿನ ಶಬ್ದವನ್ನು ರಾಜಕೀಯದ ಕನ್ನಡದಿಂದ ಎರವಲು ತಂದು ತೀರಿಸಿದಂತೆ ಇದು ಕೇಳುತ್ತದೆ. ಕ್ರಿಮಿಗೆ ವಾದವಿಲ್ಲ, ಅದು ಕಾದುಕುಳಿತು ಸಮಯ ಸಾಧಿಸುವುದೂ ಇಲ್ಲ. ಈ ಹೆಸರಿನ ದೊಡ್ಡ ದೋಷವೆಂದರೆ, ಗಮನವನ್ನು ಹೊಕ್ಕವನ ಮೇಲೆ ಇಟ್ಟು, ಮುರಿದ ಬಾಗಿಲನ್ನು ಮರೆಸುವುದು. ಬಾಗಿಲು ಮುರಿದ ಮನೆಗೆ ಒಬ್ಬನೇ ಕಳ್ಳನು ಬರುವನೆಂಬ ನಿಯಮವಿಲ್ಲ. ‘ಬಲಹೀನತೆಯ ಸೋಂಕುಗಳು’ ಎಂದು ಬಹುವಚನದಲ್ಲಿ ಹೇಳಿದರೆ ಕೇಳುವವನಿಗೆ ವಸ್ತುಸ್ಥಿತಿ ತಕ್ಕಮಟ್ಟಿಗೆ ತಿಳಿದೀತೆಂದು ನನ್ನ ಅಭಿಪ್ರಾಯ.

೩

ಇನ್ನು ಪೂರ್ವಪಕ್ಷ. ರೋಗಿಯ ಎಲ್ಲ ಲಕ್ಷಣಗಳಿಗೂ ಒಂದೇ ಕಾರಣವನ್ನು ಹುಡುಕಬೇಕೆಂಬುದು ವೈದ್ಯವಿದ್ಯಾರ್ಥಿಗೆ ಕಲಿಸುವ ಹಳೆಯ ಸೂತ್ರ. ಪಾಶ್ಚಾತ್ಯರು ಇದನ್ನು ೧೪ನೆಯ ಶತಮಾನದ ಆಕಮ್‌ನ ವಿಲಿಯಂ ಎಂಬ ಪಂಡಿತನ ಹೆಸರಿನಿಂದ ಕರೆಯುವರು. ನಮ್ಮ ನೈಯಾಯಿಕರಿಗೆ ಇದು ಹೊಸದಲ್ಲ. ಒಂದು ಕಲ್ಪನೆಯಿಂದ ನಿರ್ವಾಹವಾಗುವಲ್ಲಿ ಎರಡನ್ನು ಕಲ್ಪಿಸುವುದು ಗೌರವದೋಷ. ಒಂದರಲ್ಲಿ ಮುಗಿಸುವುದು ಲಾಘವ.

ಈ ಸೂತ್ರವು ನಮ್ಮ ಊರಿನಲ್ಲಿಯೇ ಒಂದು ದೊಡ್ಡ ಕಾರ್ಯಕ್ಕೆ ಆಧಾರವಾಯಿತು. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಅದರ ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಶೋಧನೆಯನ್ನು ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ೧೯೬೩ರಲ್ಲಿ ಪ್ರಕಟಿಸಿದರು. ಕ್ಷಯರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಲಕ್ಷಣಗಳ ಅರಿವು ಇದ್ದಿತು; ಅರ್ಧಕ್ಕಿಂತ ಹೆಚ್ಚು ಜನ ಆಸ್ಪತ್ರೆಗೂ ಹೋಗಿದ್ದರು; ಆದರೆ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. ಹಳ್ಳಿಯವನು ಅಜ್ಞಾನದಿಂದ ಮನೆಯಲ್ಲಿ ಕುಳಿತಿರುವನೆಂಬ ನಂಬಿಕೆಯನ್ನು ಈ ಶೋಧನೆಯು ಮುರಿಯಿತು. ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ಮೂಲತತ್ತ್ವವೂ ಇದೇ: ಕೆಮ್ಮಿ ತಾನಾಗಿ ಬರುವವನ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡು; ದಂಡಾಣು ಕಂಡರೆ ಔಷಧ ಕೊಡು. ಒಂದು ಲಕ್ಷಣ, ಒಂದು ಪರೀಕ್ಷೆ, ಒಂದು ರೋಗ. ಬಡದೇಶದಲ್ಲಿ ಇಷ್ಟು ಸರಳವಾದ ಉಪಾಯವಿಲ್ಲದಿದ್ದರೆ ಲಕ್ಷಾಂತರ ಜನರಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ. ಲಾಘವವನ್ನು ಖಂಡಿಸುವವನು ಮೊದಲು ಅದರ ಈ ಉಪಕಾರವನ್ನು ಒಪ್ಪಿಕೊಳ್ಳತಕ್ಕದ್ದು.

೪

ಆದರೆ ಲಾಘವಕ್ಕೆ ಒಂದು ಗುಪ್ತವಾದ ಷರತ್ತು ಉಂಟು. ಎರಡು ರೋಗಗಳೂ ವಿರಳವಾಗಿದ್ದು, ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮಾತ್ರ ಅವು ಒಬ್ಬನಲ್ಲಿ ಕೂಡುವುದು ಅಸಂಭಾವ್ಯ. ಲೆಕ್ಕಕ್ಕಾಗಿ ಒಂದು ಉದಾಹರಣೆ ಹೇಳುವುದಾದರೆ, ಸಾವಿರದಲ್ಲಿ ಒಬ್ಬನಿಗೆ ಬರುವ ಎರಡು ಸ್ವತಂತ್ರರೋಗಗಳು ಒಬ್ಬನಲ್ಲೇ ಸೇರುವುದು ಹತ್ತು ಲಕ್ಷದಲ್ಲಿ ಒಂದು ಸಲ. ಅದೇ, ಒಂದು ಗುಂಪಿನ ನೂರರಲ್ಲಿ ೪೦ ಜನರಿಗೆ ಒಂದು ರೋಗವೂ ೧೫ ಜನರಿಗೆ ಇನ್ನೊಂದೂ ಇರುವುದಾದರೆ, ಅವು ಸ್ವತಂತ್ರವೆಂದು ಎಣಿಸಿದರೂ ನೂರರಲ್ಲಿ ಆರು ಜನರಿಗೆ ಎರಡೂ ಇರುವುವು. ಬಲಿತ ಎಚ್.ಐ.ವಿ.ಯಲ್ಲಿ ರೋಗಗಳು ವಿರಳವೂ ಅಲ್ಲ, ಸ್ವತಂತ್ರವೂ ಅಲ್ಲ. ಎಲ್ಲಕ್ಕೂ ಮೂಲ ಒಂದೇ: ರಕ್ಷಣೆಯ ನಾಶ. ವಾಸ್ತವವಾಗಿ ನೋಡಿದರೆ ಲಾಘವವು ಇಲ್ಲಿ ಭಂಗವಾಗಲೇ ಇಲ್ಲ. ಕಾರಣ ಒಂದೇ, ಕಾರ್ಯಗಳು ಹಲವು. ಸೂತ್ರವನ್ನು ಕಾರಣಕ್ಕೆ ಅನ್ವಯಿಸುವ ಬದಲು ಕಾರ್ಯಕ್ಕೆ ಅನ್ವಯಿಸಿದ್ದೇ ಪೂರ್ವಪಕ್ಷದ ತಪ್ಪು. ಪ್ರಮಾಣದಿಂದ ಫಲವು ಸಿದ್ಧವಾಗುವೆಡೆಯಲ್ಲಿ ಬರುವ ಗೌರವವು ದೋಷವಲ್ಲವೆಂದು ನೈಯಾಯಿಕರೇ ಅಪವಾದವನ್ನು ಹೇಳಿಟ್ಟಿದ್ದಾರೆ. ಅದಕ್ಕೆ ಫಲಮುಖಗೌರವವೆಂದು ಹೆಸರು. ರೋಗಿಗೆ ಎಷ್ಟು ರೋಗಗಳಾದರೂ ಇರಬಹುದೆಂಬ ಅರ್ಥದ ಮಾತೊಂದು ಅಮೆರಿಕದ ವೈದ್ಯ ಜಾನ್ ಹಿಕ್ಯಾಮ್‌ನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅದು ಈ ಅಪವಾದದ ವೈದ್ಯಕೀಯ ರೂಪವೆನ್ನಬಹುದು.

ಪ್ರಮಾಣವೇನೆಂದು ಕೇಳಿದರೆ, ಈ ರೋಗದ ಇತಿಹಾಸದ ಮೊದಲ ಪುಟವನ್ನೇ ತೋರಿಸಬಹುದು. ೧೯೮೧ರ ಜೂನ್ ೫ರಂದು ಅಮೆರಿಕದ ಸರ್ಕಾರಿ ವಾರಪತ್ರಿಕೆಯೊಂದು ಲಾಸ್ ಏಂಜಲೀಸಿನ ಐವರು ತರುಣರ ವೃತ್ತಾಂತವನ್ನು ಪ್ರಕಟಿಸಿತು. ಐವರಿಗೂ ನ್ಯುಮೋಸಿಸ್ಟಿಸ್ ಎಂಬ ಜೀವಿಯಿಂದ ಶ್ವಾಸಕೋಶದ ಉರಿಯೂತವಾಗಿದ್ದಿತು. ಆದರೆ ಅದೇ ವರದಿಯಲ್ಲಿ ಐವರಿಗೂ ಸೈಟೊಮೆಗಾಲೊ ವೈರಾಣುವಿನ ಹಿಂದಿನ ಅಥವಾ ಆಗಿನ ಸೋಂಕು ಇದ್ದಿತೆಂದೂ, ಬಾಯಿಯೇ ಮೊದಲಾದ ಲೋಳ್ಪೊರೆಗಳಲ್ಲಿ ಕ್ಯಾಂಡಿಡ ಶಿಲೀಂಧ್ರವು ಬೆಳೆದಿದ್ದಿತೆಂದೂ ಹೇಳಿದೆ. ಅಂದರೆ ಏಡ್ಸ್ ಎಂಬುದು ಲೋಕಕ್ಕೆ ಮೊದಲು ಗೋಚರಿಸಿದ್ದೇ ಸಂಕರರೂಪದಲ್ಲಿ.

ಶವಪರೀಕ್ಷೆಯ ಸಾಕ್ಷ್ಯವು ಇನ್ನೂ ಕಠಿನವಾದದ್ದು. ಮುಂಬಯಿಯ ಶವಪರೀಕ್ಷೆಗಳನ್ನು ಕುರಿತು ೨೦೦೧ರಲ್ಲಿ ಪ್ರಕಟವಾದ ವರದಿಯಲ್ಲಿ ಶ್ವಾಸಕೋಶದ ರೋಗಗಳಲ್ಲಿ ಕ್ಷಯಕ್ಕೇ ಅಗ್ರಸ್ಥಾನ. ಅದರ ಹಿಂದೆ ಬ್ಯಾಕ್ಟೀರಿಯಗಳ ನ್ಯುಮೋನಿಯ, ಸೈಟೊಮೆಗಾಲೊ ವೈರಾಣು, ಕ್ರಿಪ್ಟೊಕಾಕಸ್, ನ್ಯುಮೋಸಿಸ್ಟಿಸ್. ಕೆಲವರಲ್ಲಿ ಒಂದಕ್ಕಿಂತ ಹೆಚ್ಚು. ಬಡದೇಶಗಳ ಇಂತಹ ವರದಿಗಳನ್ನೆಲ್ಲ ಕೂಡಿಸಿ ೨೦೧೫ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಎಚ್.ಐ.ವಿ. ಇದ್ದು ಮೃತರಾದವರಲ್ಲಿ ನೂರಕ್ಕೆ ಸುಮಾರು ೪೦ ಜನರಲ್ಲಿ ಕ್ಷಯವಿದ್ದಿತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಕ್ಷಯವು ಬದುಕಿದ್ದಾಗ ಯಾರಿಗೂ ತಿಳಿದಿರಲಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ೧೯೮೯ರಿಂದ ೧೯೯೬ರ ವರೆಗಿನ ರೋಗಿಗಳನ್ನು ಕುರಿತು ೨೦೦೦ದಲ್ಲಿ ಬರೆದ ಲೇಖನದಲ್ಲಿ, ನರಮಂಡಲದ ಸೋಂಕುಗಳಲ್ಲಿ ಕ್ರಿಪ್ಟೊಕಾಕಸ್ ಮೊದಲನೆಯದಾಗಿಯೂ ಕ್ಷಯವು ಅದರ ಅನಂತರವೂ ಕಾಣಿಸಿಕೊಂಡುವು. ಮೆದುಳನ್ನು ಮುಟ್ಟುವ ಈ ಶಿಲೀಂಧ್ರವು ಸಾಮಾನ್ಯವಾಗಿ ದೇಹವನ್ನು ಹೊಗುವುದು ಉಸಿರಿನ ಮೂಲಕವೇ ಎಂಬುದನ್ನು ನೆನಪಿನಲ್ಲಿಡಬೇಕು.

೫

ಒಂದೊಂದು ಪರೀಕ್ಷೆಯೂ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಈಗ ನೋಡೋಣ. ಕ್ಷಯದ ಎಕ್ಸ್‌ರೇ ಚಿತ್ರವೆಂದರೆ ಶ್ವಾಸಕೋಶದ ಮೇಲ್ಭಾಗದಲ್ಲಿ ಕುಳಿ ಬಿದ್ದಿರುವುದು ಎಂದು ರೂಢಿ. ಆದರೆ ಕುಳಿಯನ್ನು ಕೊರೆಯುವುದು ಬಹುಮಟ್ಟಿಗೆ ದೇಹದ ಪ್ರತಿರೋಧವೇ. ಪ್ರತಿರೋಧವಿಲ್ಲದವನಲ್ಲಿ ಕುಳಿ ಬೀಳುವುದು ಕಡಿಮೆ. ಕೆಳಭಾಗದಲ್ಲಿ ಮಚ್ಚೆ, ರಾಗಿ ಚೆಲ್ಲಿದಂತಹ ಚುಕ್ಕೆಗಳು, ಗ್ರಂಥಿಗಳ ಊತ ಕಾಣಬಹುದು. ಚಿತ್ರವು ಕೇವಲ ಸ್ವಚ್ಛವಾಗಿಯೂ ಇರಬಹುದು. ನ್ಯುಮೋಸಿಸ್ಟಿಸ್‌ನಲ್ಲಿ ಎರಡೂ ಕಡೆ ಮಂಜು ಕವಿದಂತಿರುವುದು ಸಾಮಾನ್ಯವಾದರೂ ಅಲ್ಲಿಯೂ ಚಿತ್ರವು ಸ್ವಚ್ಛವಾಗಿರುವುದುಂಟು. ಎರಡು ರೋಗಗಳು ಕೂಡಿದಲ್ಲಿ ಒಂದರ ನೆರಳು ಇನ್ನೊಂದನ್ನು ಮುಚ್ಚುವುದು.

ಕಫದ ಪರೀಕ್ಷೆ: ಸೂಕ್ಷ್ಮದರ್ಶಕದಲ್ಲಿ ದಂಡಾಣು ಕಾಣಬೇಕಾದರೆ ಒಂದು ಮಿಲಿಲೀಟರು ಕಫದಲ್ಲಿ ೫,೦೦೦ದಿಂದ ೧೦,೦೦೦ದಷ್ಟಾದರೂ ಇರಬೇಕು. ಕುಳಿಯಿಲ್ಲದವನ ಕಫದಲ್ಲಿ ಅಷ್ಟು ಇರುವುದು ಅಪೂರ್ವ. ಕಂಡರೂ ಅದು ಕ್ಷಯದ್ದೇ ಎಂಬ ನಿಶ್ಚಯವಿಲ್ಲ. ಕ್ಷಯೇತರ ಮೈಕೊಬ್ಯಾಕ್ಟೀರಿಯಗಳು ಹಾಗೆಯೇ ಕಾಣುವುವು, ನೊಕಾರ್ಡಿಯ ಎಂಬುದು ಮಂದವಾಗಿ ಅದೇ ಬಣ್ಣವನ್ನು ಹಿಡಿಯುವುದು. ೨೦೧೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿದ ವಂಶದ್ರವ್ಯಪರೀಕ್ಷೆಯೂ, ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯಲ್ಲಿ ರೂಪುಗೊಂಡು ೨೦೨೦ರಲ್ಲಿ ಅದೇ ಸಂಸ್ಥೆಯ ಅನುಮೋದನೆ ಪಡೆದ ಟ್ರೂನ್ಯಾಟ್ ಪರೀಕ್ಷೆಯೂ ಈ ಕೊರತೆಯನ್ನು ಬಹಳವಾಗಿ ತುಂಬಿಕೊಟ್ಟಿವೆ. ಕಫವನ್ನು ಕೊಡಲಾರದಷ್ಟು ಬಳಲಿದವನಿಗೆ ಮೂತ್ರದಲ್ಲಿ ಕ್ಷಯಾಣುವಿನ ಅಂಶವನ್ನು ತೋರಿಸುವ ಪಟ್ಟಿಯುಂಟು. ರಕ್ಷಣೆ ಕುಂದಿದಷ್ಟೂ ಅದು ಹೆಚ್ಚು ಚೆನ್ನಾಗಿ ಕೆಲಸಮಾಡುವುದು ಅದರ ವಿಶೇಷ.

ಆದರೆ ಇಲ್ಲಿಯೇ ವಿಮರ್ಶೆಗೆ ಅವಕಾಶ. ಈ ಪರೀಕ್ಷೆಗಳೆಲ್ಲ ‘ಕ್ಷಯವಿದೆಯೆ?’ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತವೆ. ಕ್ಷಯವಿದೆ ಎಂಬ ಉತ್ತರವನ್ನು ಕ್ಷಯ ಮಾತ್ರವಿದೆ ಎಂದು ಓದಿಕೊಳ್ಳುವುದು ಓದುವವನ ತಪ್ಪು. ಅಸ್ತಿತ್ವದ ಸಾಧನೆಯಿಂದ ಇತರದ ನಿಷೇಧವು ಸಿದ್ಧಿಸುವುದಿಲ್ಲವೆಂಬುದು ತರ್ಕದ ಮೊದಲ ಪಾಠ. ಯಂತ್ರವು ಎಷ್ಟು ಸೂಕ್ಷ್ಮವಾಗುತ್ತದೋ ಅಷ್ಟು ಈ ಮೋಹವೂ ಬಲಿಯುವುದು.

ನ್ಯುಮೋಸಿಸ್ಟಿಸ್‌ನ ವಿಚಾರದಲ್ಲಿ ತೊಡಕು ಇನ್ನೊಂದು ಬಗೆಯದು. ಇದನ್ನು ಬಹುಕಾಲ ಪ್ರಾಣಿಜಾತಿಯ ಏಕಕೋಶಜೀವಿಯೆಂದು ಎಣಿಸಿದ್ದರು. ಶಿಲೀಂಧ್ರವೆಂದು ೧೯೮೮ರಲ್ಲಿ ಸ್ಥಿರವಾಯಿತು. ಇದನ್ನು ಸಾಮಾನ್ಯ ಪ್ರಯೋಗಶಾಲೆಯಲ್ಲಿ ಬೆಳೆಸಲು ಬರುವುದಿಲ್ಲ. ಶ್ವಾಸನಾಳಕ್ಕೆ ನಳಿಕೆಯಿಳಿಸಿ ತೊಳೆದ ನೀರನ್ನೋ, ಉಪ್ಪುನೀರಿನ ಆವಿಯಿಂದ ಬರಿಸಿದ ಕಫವನ್ನೋ ವಿಶೇಷ ಬಣ್ಣಗಳಲ್ಲಿ ನೋಡಬೇಕು. ವಂಶದ್ರವ್ಯಪರೀಕ್ಷೆಯು ಅತಿಸೂಕ್ಷ್ಮವಾದ್ದರಿಂದ ರೋಗ ಮಾಡದೆ ಸುಮ್ಮನೆ ನೆಲಸಿರುವ ಜೀವಿಯನ್ನೂ ತೋರಿಸುವುದು. ರಕ್ತದಲ್ಲಿಯ ಬೀಟಾಗ್ಲೂಕಾನ್ ಎಂಬ ಅಂಶವು ಹಲವು ಶಿಲೀಂಧ್ರಗಳಿಗೆ ಸಾಮಾನ್ಯ. ನಾಲ್ಕು ಹೆಜ್ಜೆ ನಡೆದರೆ ರಕ್ತದ ಆಮ್ಲಜನಕ ಇಳಿಯುವುದು ಬೆಲೆಯಿಲ್ಲದ, ಆದರೆ ಬೆಲೆಯುಳ್ಳ ಸೂಚನೆ. ಬೆರಳಿಗೆ ಸಿಕ್ಕಿಸುವ ಸಣ್ಣ ಉಪಕರಣದಿಂದ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಇದನ್ನು ನೋಡಬಹುದು.

ಚಿಕಿತ್ಸೆಗೆ ರೋಗ ಬಗ್ಗಿತು, ಆದ್ದರಿಂದ ನಿದಾನ ಸರಿ ಎಂಬ ವಾದವೂ ಇಲ್ಲಿ ನಿಲ್ಲುವುದಿಲ್ಲ. ಕೋಟ್ರೈಮಾಕ್ಸಜೋಲ್ ನ್ಯುಮೋಸಿಸ್ಟಿಸ್‌ಗೆ ಮುಖ್ಯೌಷಧ. ನೊಕಾರ್ಡಿಯದ ಮೇಲೆಯೂ ಹಲವು ಬ್ಯಾಕ್ಟೀರಿಯಗಳ ಮೇಲೆಯೂ ಅದು ನಡೆಯುವುದು. ಸಾಮಾನ್ಯ ನ್ಯುಮೋನಿಯಕ್ಕೆಂದು ಕೊಟ್ಟ ಫ್ಲೋರೊಕ್ವಿನೊಲೋನ್ ಔಷಧಗಳು ಕ್ಷಯವನ್ನು ಕೆಲವು ದಿನ ಅಡಗಿಸಿ ನಿದಾನವನ್ನು ಮುಂದಕ್ಕೆ ತಳ್ಳುವುವು. ಮತ್ತೊಂದು ಕಡೆ, ವೈರಾಣುನಿರೋಧಕವನ್ನು ಆರಂಭಿಸಿದ ಕೆಲವು ವಾರಗಳಲ್ಲಿ ರಕ್ಷಣೆ ಮರಳಿ ಎಚ್ಚತ್ತು ಉರಿಯೂತವನ್ನೆಬ್ಬಿಸಿದರೆ, ಸರಿಯಾದ ಚಿಕಿತ್ಸೆಯೇ ತಪ್ಪೆಂಬಂತೆ ತೋರುವುದು.

೬

ಎರಡನೆಯ ರೋಗವನ್ನು ಕಂಡುಹಿಡಿದು ಆಗಬೇಕಾದದ್ದೇನು ಎಂದು ಕೇಳುವವರಿಗೆ ಉತ್ತರ ಇದು. ರೋಗಗಳು ಕೂಡಿದಾಗ ಅವುಗಳ ಚಿಕಿತ್ಸೆಗಳು ಒಂದಕ್ಕೊಂದು ಎದುರಾಗುವುದುಂಟು. ಮೆದುಳ ಪೊರೆಯನ್ನು ಮುಟ್ಟದ ಕ್ಷಯದಲ್ಲಿ ವೈರಾಣುನಿರೋಧಕವನ್ನು ಎರಡು ವಾರದೊಳಗೆ ಆರಂಭಿಸುವುದು ಹಿತ. ಕ್ರಿಪ್ಟೊಕಾಕಸ್ ಮೆದುಳಿಗೆ ಏರಿದ್ದರೆ ನಾಲ್ಕರಿಂದ ಆರು ವಾರ ತಡೆಯಬೇಕು; ಆತುರಪಟ್ಟರೆ ಸಾವುಗಳು ಹೆಚ್ಚುವುವೆಂದು ೨೦೧೪ರಲ್ಲಿ ಪ್ರಕಟವಾದ ಪ್ರಯೋಗವು ತೋರಿಸಿತು. ನ್ಯುಮೋಸಿಸ್ಟಿಸ್ ತೀವ್ರವಾದಾಗ ಸ್ಟೀರಾಯ್ಡ್ ಪ್ರಾಣವನ್ನುಳಿಸುವುದು. ಕ್ರಿಪ್ಟೊಕಾಕಸ್‌ನ ಮೆದುಳುಜ್ವರದಲ್ಲಿ ಅದೇ ವರ್ಗದ ಔಷಧವು ಹಾನಿಮಾಡಿತೆಂದು ೨೦೧೬ರ ಪ್ರಯೋಗವು ಹೇಳಿತು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ದೇಹದಲ್ಲಿ ಸ್ಟೀರಾಯ್ಡನ್ನೂ ಫ್ಲುಕೊನಜೋಲನ್ನೂ ಬೇಗ ಕರಗಿಸುವುದು; ವೈರಾಣುನಿರೋಧಕವಾದ ಡೊಲುಟೆಗ್ರಾವಿರನ್ನು ದಿನಕ್ಕೆ ಒಂದರ ಬದಲು ಎರಡು ಸಲ ಕೊಡಬೇಕಾಗುವುದು. ಕ್ಷಯವೊಂದನ್ನೇ ಕಂಡವನು ಸರಿಯಾದ ಔಷಧವನ್ನೇ ಕೊಟ್ಟು ತಪ್ಪಾದ ಫಲವನ್ನು ಪಡೆಯುವ ಬಗೆ ಇದು.

ಚರಕಸಂಹಿತೆಯ ನಿದಾನಸ್ಥಾನದ ಕೊನೆಯ ಅಧ್ಯಾಯದಲ್ಲಿ ಒಂದು ರೋಗವೇ ಇನ್ನೊಂದಕ್ಕೆ ನಿದಾನವಾಗುವ ವಿಚಾರ ಬರುತ್ತದೆ. ಕೆಲವು ರೋಗಗಳು ಮತ್ತೊಂದನ್ನು ಹುಟ್ಟಿಸಿ ತಾವು ಶಮನವಾಗುವುವು, ಕೆಲವು ಹುಟ್ಟಿಸಿಯೂ ತಾವೂ ಉಳಿಯುವುವು. ಇಂತಹ ವ್ಯಾಧಿಸಂಕರಗಳು ಅತ್ಯಂತ ಕಷ್ಟಸಾಧ್ಯ. ಒಂದನ್ನು ತಗ್ಗಿಸಿ ಮತ್ತೊಂದನ್ನು ಕೆರಳಿಸುವ ಪ್ರಯೋಗವು ಶುದ್ಧವಲ್ಲ ಎಂಬುದು ಅಲ್ಲಿಯ ಅಭಿಪ್ರಾಯ. ಈ ಮಾತಿನಿಂದ ಪ್ರಾಚೀನರಿಗೆ ಎಚ್.ಐ.ವಿ. ತಿಳಿದಿದ್ದಿತೆಂದು ಸಾಧಿಸುವುದು ಹಾಸ್ಯಾಸ್ಪದ. ಆದರೆ ಏಕನಿದಾನದ ಹಟವು ನಮ್ಮ ವೈದ್ಯಪರಂಪರೆಯ ಅನಿವಾರ್ಯ ಅಂಗವಲ್ಲವೆಂಬುದು ಮಾತ್ರ ಇದರಿಂದ ಸ್ಪಷ್ಟ.

೭

ಹಾಗಾದರೆ ಇರಬಹುದಾದ ಎಲ್ಲ ರೋಗಗಳಿಗೂ ಒಟ್ಟಿಗೆ ಔಷಧ ಕೊಟ್ಟುಬಿಡಬಾರದೇಕೆ? ಇದು ಪೂರ್ವಪಕ್ಷದ ಎದುರು ತುದಿ, ಇದನ್ನೂ ಪರೀಕ್ಷಿಸಬೇಕು. ಸಿ.ಡಿ.೪ ತೀರ ಕುಸಿದವರಿಗೆಲ್ಲ ಕ್ಷಯದ ನಾಲ್ಕು ಔಷಧಗಳನ್ನು ಪರೀಕ್ಷೆಯ ಆಧಾರವಿಲ್ಲದೆ ಕೊಡುವುದರಿಂದ ಸಾವು ತಗ್ಗಲಿಲ್ಲವೆಂದು ೨೦೧೬ರಲ್ಲಿ ಒಂದು, ೨೦೨೦ರಲ್ಲಿ ಇನ್ನೊಂದು ಪ್ರಯೋಗವು ತೋರಿಸಿದುವು. ಎರಡನೆಯದರಲ್ಲಿ ಔಷಧದ ಉಪದ್ರವಗಳು ಹೆಚ್ಚಿದುವು. ಇದಕ್ಕೆ ಪ್ರತಿಯಾಗಿ ಆಫ್ರಿಕದ ನಾಲ್ಕು ದೇಶಗಳಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಿ.ಡಿ.೪ ೧೦೦ಕ್ಕಿಂತ ಕಡಿಮೆಯಿದ್ದವರಿಗೆ ಕೋಟ್ರೈಮಾಕ್ಸಜೋಲ್, ಐಸೊನಿಯಜಿಡ್, ಫ್ಲುಕೊನಜೋಲ್, ಅಜಿತ್ರೊಮೈಸಿನ್, ಆಲ್ಬೆಂಡಜೋಲ್ ಎಂಬ ನಿರೋಧಕಗಳನ್ನು ಕೂಡಿಸಿ ಕೊಟ್ಟಾಗ ೨೪ ವಾರಗಳಲ್ಲಿ ಸಾವು ನೂರಕ್ಕೆ ೧೨.೨ರಿಂದ ೮.೯ಕ್ಕೆ ಇಳಿಯಿತು. ಈ ಎರಡು ಬಗೆಯ ಫಲಗಳು ವಿರುದ್ಧವೆಂದು ಕಂಡರೂ ವಿರುದ್ಧವಲ್ಲ. ಒಂದೇ ರೋಗವನ್ನು ಕುರುಡಾಗಿ ಹಿಡಿದು ಪೂರ್ಣಚಿಕಿತ್ಸೆ ಮಾಡುವುದು ಏಕನಿದಾನವಾದದ ಇನ್ನೊಂದು ರೂಪವೇ ಸರಿ. ಹಲವು ಬಾಗಿಲುಗಳಿಗೆ ಹಗುರವಾದ ಅಗುಳಿ ಹಾಕುವುದು ಬೇರೆಯ ಕೆಲಸ. ಹಲವು ಬಾಗಿಲುಗಳಿವೆಯೆಂದು ಮೊದಲು ಒಪ್ಪಿದವನು ಮಾತ್ರ ಅದನ್ನು ಮಾಡಿಯಾನು.

೮

ಇದೆಲ್ಲವೂ ನಮ್ಮ ಊರಿನಲ್ಲಿ ಹೇಗೆ ಅನ್ವಯಿಸುವುದೆಂದು ಹೇಳಿ ಮುಗಿಸುತ್ತೇನೆ. ಸುಲ್ತಾನ್‌ಪೇಟೆ, ಅಕ್ಕಿಪೇಟೆ, ಕಾಟನ್‌ಪೇಟೆಗಳ ಇಕ್ಕಟ್ಟಾದ ಓಣಿಗಳಲ್ಲಿ, ಅಂಗಡಿಗಳ ಮೇಲಣ ಗಾಳಿಯಿಲ್ಲದ ಕೊಠಡಿಗಳಲ್ಲಿ ವಾಸಿಸುವ ಕೂಲಿಯವರಿಗೆ, ೧೯೦೦ದ ಡಿಸೆಂಬರಿನಲ್ಲಿ ತೆರೆದ ವಿಕ್ಟೋರಿಯ ಆಸ್ಪತ್ರೆಯು ನಡೆದುಹೋಗುವಷ್ಟು ಹತ್ತಿರ. ೧೮೯೮ರ ಪ್ಲೇಗಿನ ತರುವಾಯ ಅನುಕೂಲವಂತರು ಬಸವನಗುಡಿಗೂ ಮಲ್ಲೇಶ್ವರಕ್ಕೂ ಹೋಗಿ ನೆಲಸಿದರು. ಪೇಟೆಯ ಇಕ್ಕಟ್ಟು ಪೇಟೆಯಲ್ಲಿಯೇ ಉಳಿಯಿತು. ಆಸ್ಪತ್ರೆ ಹತ್ತಿರವಿದ್ದರೂ ದೂರವಾಗುವುದು ನಾಚಿಕೆಯಿಂದ. ಕೆಮ್ಮನ್ನು ಹೇಳಿಕೊಳ್ಳುವವನು ಎಚ್.ಐ.ವಿ.ಯನ್ನು ಹೇಳಿಕೊಳ್ಳಲಾರ, ಔಷಧ ಬಿಟ್ಟುದನ್ನು ಒಪ್ಪಿಕೊಳ್ಳಲಾರ. ಕ್ಷಯವೆಂಬ ಒಂದು ನಿದಾನವು ಅವನಿಗೂ ಮನೆಯವರಿಗೂ ಸಾಕಾಗಿಬಿಡುವುದು, ಮರ್ಯಾದೆ ಉಳಿಯಿತಷ್ಟೆ! ಹೀಗೆ ಲಾಘವವು ತರ್ಕದಲ್ಲಿ ಮಾತ್ರವಲ್ಲದೆ ಸಮಾಜದಲ್ಲಿಯೂ ಬೇರುಬಿಟ್ಟಿದೆ. ೨೦೧೭ರ ಎಚ್.ಐ.ವಿ. ಕಾಯಿದೆಯು ಪರೀಕ್ಷೆಗೆ ರೋಗಿಯ ಸಮ್ಮತಿಯನ್ನೂ ಫಲದ ಗೋಪ್ಯತೆಯನ್ನೂ ಕಡ್ಡಾಯಮಾಡಿದೆ. ಗುಟ್ಟು ಕಾಯುವರೆಂಬ ಭರವಸೆ ಹುಟ್ಟಿದಲ್ಲಿ ಮಾತ್ರ ಎರಡನೆಯ ಪ್ರಶ್ನೆಗೆ ಉತ್ತರ ದೊರೆಯುವುದರಿಂದ, ಗೋಪ್ಯತೆಯನ್ನು ನಿದಾನದ ಒಂದು ಸಾಧನವೆಂದೇ ಎಣಿಸಬೇಕು.

ನನ್ನ ಸೂಚನೆಗಳು ಮೂರು. ಮೊದಲನೆಯದು, ರೋಗಿಯ ಚೀಟಿಯಲ್ಲಿ ನಿದಾನಕ್ಕೆ ಒಂದು ಸಾಲಿನ ಬದಲು ಮೂರು ಇರಲಿ: ಸಿದ್ಧವಾದದ್ದು, ಶಂಕಿತವಾದದ್ದು, ಪರೀಕ್ಷಿಸಿ ನಿರಾಕರಿಸಿದ್ದು. ಮೂರನೆಯ ಸಾಲು ಬರಿದಾಗಿದ್ದರೆ ವಿಚಾರ ಮುಗಿದಿಲ್ಲವೆಂದು ಯಾರಿಗಾದರೂ ತಿಳಿಯುವುದು. ಎರಡನೆಯದು, ಸಿ.ಡಿ.೪ ೨೦೦ಕ್ಕಿಂತ ಕೆಳಗಿರುವವನಲ್ಲಿ ಕ್ಷಯ ಸಿದ್ಧವಾದ ದಿನವೇ ಕ್ರಿಪ್ಟೊಕಾಕಸ್‌ನ ರಕ್ತಪರೀಕ್ಷೆಯೂ, ನಡೆಸಿ ನೋಡುವ ಆಮ್ಲಜನಕಪರೀಕ್ಷೆಯೂ ಆಗಲಿ. ಎರಡಕ್ಕೂ ದೊಡ್ಡ ಯಂತ್ರ ಬೇಕಿಲ್ಲ. ಮೂರನೆಯದು, ಕನ್ನಡದ ತಿಳುವಳಿಕೆಯ ಪತ್ರಗಳಲ್ಲಿ ಒಂದು ವಾಕ್ಯ ಸೇರಲಿ: ಕ್ಷಯದ ಔಷಧವನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರೂ ಉಸಿರು ಕಟ್ಟಿದರೆ, ತಲೆನೋವು ಹೆಚ್ಚಿದರೆ, ಜ್ವರ ಬಿಡದಿದ್ದರೆ ಅದು ರೋಗಿಯ ತಪ್ಪಲ್ಲ, ಇನ್ನೊಂದು ರೋಗವಿರಬಹುದು, ಕೂಡಲೆ ಬರಬೇಕು. ತುಮಕೂರಿನ ಹಳ್ಳಿಯವನು ಅರವತ್ತು ವರ್ಷಗಳ ಹಿಂದೆ ಆಸ್ಪತ್ರೆಗೆ ತಾನಾಗಿ ಬಂದಿದ್ದನು. ಅವನಿಗೆ ಸೀಸೆಯನ್ನು ಕೊಟ್ಟು ಕಳುಹಿಸಿದವರು ಎರಡನೆಯ ಪ್ರಶ್ನೆಯನ್ನು ಕೇಳಲಿಲ್ಲ. ಇಂದು ಒಂದು ನಿದಾನವನ್ನು ಕೊಟ್ಟು ಕಳುಹಿಸುವವರು ಅದೇ ತಪ್ಪನ್ನು ಒಂದು ಮೆಟ್ಟಿಲು ಮೇಲೆ ನಿಂತು ಮಾಡುವಂತಾಗಬಾರದು. ಈ ಅಭಿಪ್ರಾಯಗಳನ್ನು ವೈದ್ಯರೂ ಭಾಷಾವಿದರೂ ಕೂಡಿ ಪರಿಶೀಲಿಸಬೇಕೆಂದು ಕೋರುತ್ತೇನೆ.